ಸ್ಪ್ರಿಂಗ್ ಸೀಟಿನ ಮರ್ಯಾದೆ

ಕೆಲವರಿಗೆ ತಮ್ಮ ಮೀಸೆಯ ಮೇಲೆ ಹೆಮ್ಮೆ, ಕೆಲವರಿಗೆ ಎತ್ತಿನ ಜೋಡಿಯ ಮೇಲೆ, ಇನ್ನು ಕೆಲವರಿಗೆ ಅಳಿಯನ ಮೇಲೆ. ನನ್ನ ಮೀಸೆ ತೆಳು. ಎತ್ತುಗಳು ಮನೆ ಭಾಗವಾದಾಗ ಅಣ್ಣನ ಪಾಲಿಗೆ ಹೋದವು. ಅಳಿಯ ಬರಬೇಕಾದರೆ ಮಗಳು ಮೊದಲು ತೊಟ್ಟಿಲಿನಿಂದ ಇಳಿಯಬೇಕು. ಹೀಗಾಗಿ ನನ್ನ ಪಾಲಿನ ಹೆಮ್ಮೆಯೆಲ್ಲ ಬೇರೆ ದಾರಿ ಕಾಣದೆ ನಾನು ಕೂರುವ ಜಾಗಕ್ಕೆ ಹೋಗಿ ಸೇರಿಕೊಂಡಿತು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ತಲೆಗೆ ಪೇಟ, ಕೊರಳಿಗೆ ಹಾರ, ಪಾದಕ್ಕೆ ಪೂಜೆ ಎಂದು ಒಂದೊಂದು ಅಂಗಕ್ಕೂ ಒಂದೊಂದು ಮರ್ಯಾದೆ ಏರ್ಪಾಡು ಮಾಡಿದ ನಮ್ಮ ಹಿರಿಯರು, ದಿನವಿಡೀ ಮನುಷ್ಯನ ಭಾರ ಹೊರುವ ಆ ಒಂದು ಭಾಗವನ್ನು ಮಾತ್ರ ಅದು ಹೇಗೋ ಮರೆತುಬಿಟ್ಟರು. ಆ ಕೊರತೆಯನ್ನು ತುಂಬಿದವನು ನಾನು. ನನ್ನ ಮೋಟಾರ್ ಸೈಕಲ್ಲಿನ ಸ್ಪ್ರಿಂಗ್ ಸೀಟಿನ ವಿಚಾರ ಹೇಳುತ್ತಿದ್ದೇನೆ.

ನಾನು ರೇಷ್ಮೆ ಇಲಾಖೆಯ ನೌಕರ. ಕಚೇರಿ ಇರುವುದು ಚಾಮರಾಜನಗರದಲ್ಲಿ, ಮನೆ ಇರುವುದು ತೆರಕಣಾಂಬಿಗೂ ಗುಂಡ್ಲುಪೇಟೆಗೂ ನಡುವಿನ ನಮ್ಮ ಹಳ್ಳಿಯಲ್ಲಿ. ಇತ್ತ ಗುಂಡ್ಲುಪೇಟೆಯಿಂದ ಅತ್ತ ಸಂತೆಮರಹಳ್ಳಿಯವರೆಗೆ ಹಿಪ್ಪುನೇರಳೆ ಬೆಳೆದವರ ಮನೆಮನೆಗೆ ಹೋಗಿ, ತಟ್ಟೆಯಲ್ಲಿರುವ ಹುಳು ಸರಿಯಾಗಿ ಸೊಪ್ಪು ತಿನ್ನುತ್ತಿದೆಯೇ, ಯಾವುದಕ್ಕಾದರೂ ರೋಗ ತಗುಲಿದೆಯೇ ಎಂದು ನೋಡಿ ಬುದ್ಧಿ ಹೇಳುವುದು ನನ್ನ ಕೆಲಸ. ಜನ ನನ್ನನ್ನು ‘ಉಳದ ಸಾಯೇಬ್ರು’ ಎಂದು ಕರೆಯುತ್ತಾರೆ. ಕರೆಯುವುದು ಸಾಹೇಬರೆಂದೇ ಆದರೂ ನನ್ನ ಮಾತನ್ನು ಹುಳುಗಳಾದರೂ ಕೇಳಿಯಾವು, ಅವರು ಕೇಳುತ್ತಿರಲಿಲ್ಲ. ರೋಗ ಬಂದ ತಟ್ಟೆಯನ್ನು ದೂರ ಒಯ್ದು ಸುಡಿ ಎಂದರೆ, ಇನ್ನೊಂದು ಜ್ವರ ನೋಡೋಣ ಎಂದು ಹಜಾರದಲ್ಲೇ ಇಟ್ಟುಕೊಂಡು ಇಡೀ ಮನೆಯ ಹುಳುವಿಗೆ ರೋಗ ಹಂಚುತ್ತಿದ್ದರು. ಹುಳುವಿನ ನಿದ್ದೆಯನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಷ್ಟು ನಯವಾದ ಮಾತು ಕಟ್ಟಿದ ಜನ ನನ್ನ ಮಾತನ್ನು ಮಾತ್ರ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಈ ಓಡಾಟಕ್ಕೆಂದು ನಾನು ಕೊಂಡದ್ದು ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಒಂದು ಮಿಲಿಟರಿ ಮೋಟಾರ್ ಸೈಕಲ್ಲು. ಎಂಜಿನ್ನು ಗಟ್ಟಿಮುಟ್ಟು. ಸೀಟಿನ ಹೆಸರಿನಲ್ಲಿ ಮಾತ್ರ ಒಂದು ಕಬ್ಬಿಣದ ಚೌಕಟ್ಟು, ಅದರ ಮೇಲೆ ಹರಿದ ರಬ್ಬರಿನ ಚೂರು ಉಳಿದಿತ್ತು. ನಾನು ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ ಅದಕ್ಕೆ ಕಟ್ಟಿಕೊಂಡೆ. ನಮ್ಮ ರಸ್ತೆ ಹೇಗಿದೆ ಎಂದು ಎತ್ತುಗಳನ್ನು ಕೇಳಬೇಕು. ಸಂಜೆ ಮನೆಗೆ ಬಂದರೆ ಊಟಕ್ಕೂ ನಿಂತೇ ಇರುತ್ತಿದ್ದೆ. ಕುರು ಎದ್ದು ಚಾಮರಾಜನಗರದ ಡಾಕ್ಟರ ಬಳಿ ಹೋದಾಗ ಅವರು ಕೂತುಕೊಳ್ಳಿ ಎಂದರು, ನಾನು ಅದೇ ನನ್ನ ಕಾಯಿಲೆ ಎಂದೆ. ಗಾಡಿಯನ್ನಾದರೂ ಬಿಡು, ಇಲ್ಲವೇ ಸೀಟನ್ನಾದರೂ ಬದಲಾಯಿಸು ಎಂದು ಅವರು ಕಡ್ಡಿ ಮುರಿದಂತೆ ಹೇಳಿ ಕಳಿಸಿದರು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ವರ್ಗೀಸ್ ಎಂಬ ಮಲಯಾಳಿಯ ಹಳೆಯ ಸಾಮಾನಿನ ಅಂಗಡಿಯಿತ್ತು. ಬೆಟ್ಟದ ಮೇಲಿನ ಟೀ ತೋಟಗಳಲ್ಲಿ ಬಿಳಿಯರು ಬಿಟ್ಟುಹೋದ ಗಾಡಿಗಳ ಕೈಕಾಲುಗಳೆಲ್ಲ ಅವನಲ್ಲಿ ಸಿಗುತ್ತಿದ್ದವು. ಅಲ್ಲಿ ಒಂದು ಮೂಲೆಯಲ್ಲಿ ತೂಗುಹಾಕಿದ್ದ ಸೀಟು ನನ್ನ ಕಣ್ಣಿಗೆ ಬಿತ್ತು. ಹಿಂದೆ ಅಗಲ, ಮುಂದೆ ಚೂಪು, ಸಣ್ಣ ಮೊರದ ಆಕಾರ. ದಪ್ಪ ಚರ್ಮ. ಹಿಂಬದಿಯಲ್ಲಿ ಮುಷ್ಟಿ ಗಾತ್ರದ ಎರಡು ಸ್ಪ್ರಿಂಗು. ನನ್ನ ಗಾಡಿಗಿಂತ ಒಂದು ತಲೆಮಾರು ಹಿಂದಿನದು. ಆ ಕಾಲದವರಿಗೆ ಕೂರುವುದರ ಬೆಲೆ ಗೊತ್ತಿತ್ತು ಎನ್ನುವುದು ನೋಡಿದೊಡನೆ ತಿಳಿಯುತ್ತಿತ್ತು. ‘ಸಾರೇ, ಇದು ಒಬ್ಬರೇ ಕೂರೋ ಸೀಟು, ಸಾಯಿಪ್ಪಿನ ಸೀಟು. ನಿಮ್ಮ ಗಾಡಿಗೆ ಬರೂದಿಲ್ಲಾ’ ಎಂದ ವರ್ಗೀಸ್. ಸಾಯಿಪ್ಪು ಎಂದರೆ ಅವರ ಮಾತಿನಲ್ಲಿ ಬಿಳಿಯ ದೊರೆ. ಬರುವುದಿಲ್ಲ ಎಂದು ಅವನು ಹೇಳಿದ ಮೇಲೆ ಅದನ್ನು ತರದೆ ಬರಲು ನನ್ನ ಮನಸ್ಸು ಒಪ್ಪಲಿಲ್ಲ.

ಅವನು ಹೇಳಿದ್ದು ನಿಜವೇ. ಸೀಟಿನ ಮೂತಿ ನನ್ನ ಗಾಡಿಯ ಬೆನ್ನಿಗೆ ಕೂತರೆ ಸ್ಪ್ರಿಂಗುಗಳು ಗಾಳಿಯಲ್ಲಿ ನಿಲ್ಲುತ್ತಿದ್ದವು, ಸ್ಪ್ರಿಂಗು ಕೂತರೆ ಮೂತಿ ಪೆಟ್ರೋಲ್ ಟ್ಯಾಂಕನ್ನು ಮೂಸುತ್ತಿತ್ತು. ಮುರಿದ ಗಾಡಿಚಕ್ರದ ಕಬ್ಬಿಣದ ಪಟ್ಟಿಯನ್ನು ಹಿತ್ತಿಲಲ್ಲಿ ಇದ್ದಿಲು ಹಾಕಿ ಕಾಯಿಸಿ, ಬಡಿದು ಬಗ್ಗಿಸಿ, ಎರಡು ಆಸರೆಗಳನ್ನು ನಾನೇ ಮಾಡಿದೆ. ಮೊದಲ ದಿನ ಮೂತಿಯ ಬೋಲ್ಟನ್ನು ಪರಾಕ್ರಮದಿಂದ ಬಿಗಿದುಬಿಟ್ಟೆ. ಸೀಟು ಅಲ್ಲಾಡಲೇ ಇಲ್ಲ, ಸ್ಪ್ರಿಂಗು ಇದ್ದೂ ಸತ್ತಂತಿತ್ತು. ಆ ಬೋಲ್ಟು ಬಾಗಿಲಿನ ಕೀಲಿನಂತೆ ಆಡಬೇಕು ಎಂದು ಹೊಳೆದು ಸಡಿಲಿಸಿದೆ. ಎರಡನೆಯ ದಿನ ಮೊದಲ ಗುಂಡಿಯಲ್ಲೇ ಸೀಟು ನನ್ನನ್ನು ಎತ್ತಿ ಟ್ಯಾಂಕಿನ ಮೇಲೆ ಕೂರಿಸಿತು. ಸಾಯಿಪ್ಪು ಭಾರಿ ಆಳಿರಬೇಕು, ಅವನ ತೂಕಕ್ಕೆ ತಕ್ಕ ಸ್ಪ್ರಿಂಗಿಗೆ ನನ್ನಂಥ ನರಪೇತಲ ಲೆಕ್ಕಕ್ಕೇ ಇರಲಿಲ್ಲ. ಆಗ ನಾನು ಮಾಡಿದ ಕೆಲಸವನ್ನು ಈಗ ನೆನೆದರೂ ಎದೆ ಉಬ್ಬುತ್ತದೆ. ಆಸರೆಯಲ್ಲಿ ಹೊಸ ತೂತು ಕೊರೆದು ಸ್ಪ್ರಿಂಗುಗಳನ್ನು ಸ್ವಲ್ಪ ಮುಂದಕ್ಕೆ, ಮೂತಿಯ ಕಡೆಗೆ ಸರಿಸಿದೆ. ಹಾಗೆ ಸರಿಸಿದ್ದೇ ತಡ, ಸ್ಪ್ರಿಂಗು ಮೆತ್ತಗಾಗಿ ನನ್ನ ಭಾರಕ್ಕೆ ಬಗ್ಗಿತು. ಗುಂಡಿ ಬಂದರೆ ಚಕ್ರ ಮಾತ್ರ ಇಳಿಯುತ್ತಿತ್ತು, ನಾನು ಇಳಿಯುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಇದನ್ನು ನಾನು ಮಾಡಿದೆ.

ಮನೆಯಲ್ಲಿ ಮಾತ್ರ ಬೇರೆ ರಗಳೆ ಕಾದಿತ್ತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ, ಅವ್ವ ಆಚಾರದಲ್ಲಿ ಬಲು ಬಿಗಿ. ಸೀಟನ್ನು ಬೆರಳಿನಿಂದಲೂ ಮುಟ್ಟದೆ ಸುತ್ತ ಒಂದು ಸಲ ತಿರುಗಿ ನೋಡಿದವಳೇ, ‘ದನದ ಚರ್ಮ ಕಣ್ಲಾ ಇದು. ಇದ್ರ ಮ್ಯಾಲೆ ಕುಂತ್ಕಂಡು ಬಂದು ಅಂಗೇ ಒಳಿಕ್ ಕಾಲ್ ಮಡುಗ್ಬೇಡ. ಬಚ್ಚಲಿಗೋಗಿ ಮಿಂದು ಬಾ’ ಎಂದಳು. ನಿನ್ನ ಮೆಟ್ಟೂ ಚರ್ಮದ್ದೇ ಅಲ್ಲವೇ ಎಂದದ್ದಕ್ಕೆ, ಮೆಟ್ಟನ್ನು ಬಾಗಿಲಲ್ಲಿ ಬಿಟ್ಟು ಬರುತ್ತೇನೆ, ನೀನು ಅದನ್ನು ಬಿಟ್ಟು ಬರುತ್ತೀಯಾ ಎಂದು ನನ್ನ ಹಿಂಭಾಗ ತೋರಿಸಿದಳು. ಇದಕ್ಕೆ ದಾರಿ ಹುಡುಕಿದವಳು ನನ್ನ ಹೆಂಡತಿ ಪುಟ್ಟಮ್ಮಣ್ಣಿ. ರೇಷ್ಮೆ ಮಡಿ ಬಟ್ಟೆ ತಾನೆ, ಚರ್ಮದ ಮೇಲೆ ರೇಷ್ಮೆಯ ಗವುಸು ಹೊಲಿದರೆ ಆಯಿತು ಎಂದಳು. ಅವ್ವ ಎರಡು ದಿನ ಯೋಚಿಸಿ, ತನ್ನ ಧಾರೆ ಸೀರೆಯಲ್ಲಿ ಸವೆದು ಉಳಿದಿದ್ದ ಭಾಗವನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ರೇಷ್ಮೆ ಇಲಾಖೆಯ ನೌಕರನಿಗೆ ಇದಕ್ಕಿಂತ ಹೊಂದುವ ಸೀಟು ಇನ್ನೊಂದು ಉಂಟೇ? ಕುಂಕುಮದ ಬಣ್ಣದ ರೇಷ್ಮೆ, ಸುತ್ತಲೂ ಜರಿಯ ಅಂಚು, ಕೆಳಗೆ ಥಳಥಳ ಹೊಳೆಯುವ ಸ್ಪ್ರಿಂಗು.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಚೇರಿಯ ಮುಂದೆ ಗಾಡಿ ನಿಲ್ಲಿಸಿ, ಹೋಗಿಬರುವವರನ್ನೆಲ್ಲ ಕರೆದು ಒಂದು ಸಲ ಒತ್ತಿ ನೋಡಿ ಎನ್ನುತ್ತಿದ್ದೆ. ಹುಳು ನೋಡಲು ಹೋದ ಮನೆಗಳಲ್ಲಿ ಹುಳುವಿಗಿಂತ ಮೊದಲು ಸೀಟಿನ ಮಾತು ಬರುತ್ತಿತ್ತು. ಎಲ್ಲರೂ ಒತ್ತಿ ನೋಡಿದರು, ಚೆನ್ನಾಗಿದೆ ಎಂದರು. ಆದರೆ ಜನರ ಹೊಗಳಿಕೆಯಲ್ಲಿ ಏನೋ ಒಂದು ಕಡಿಮೆಯಾದಂತೆ ಇತ್ತು. ಯಾರಾದರೂ ದೊಡ್ಡವರು, ನಾಲ್ಕು ಜನರ ಎದುರಿಗೆ, ಒಂದು ಒಳ್ಳೆಯ ಮಾತು ಆಡಲಿ ಎಂದು ನನ್ನ ಮನಸ್ಸು ಹಾತೊರೆಯುತ್ತಿತ್ತು. ಆ ಆಸೆಯೇ ನನ್ನನ್ನು ಕೆಡಿಸಿತು.

ನಮ್ಮ ಕಡೆಯ ಒಂದು ಸಣ್ಣ ಮಠದ ಸ್ವಾಮಿಗಳು ನಮ್ಮೂರ ಪಟೇಲರ ಮನೆಗೆ ಪಾದಪೂಜೆಗೆ ಬರುವುದಿತ್ತು. ವಯಸ್ಸಾದವರು, ಸ್ಥೂಲ ದೇಹ, ಮಂಡಿನೋವು. ಊರು ಇನ್ನೇನು ಕೂಗಳತೆಯಲ್ಲಿದೆ ಎನ್ನುವಾಗ ಹುಣಸೆಮರದ ಹತ್ತಿರ ಅವರು ಬಂದ ಕಮಾನುಗಾಡಿಯ ಅಚ್ಚು ಮುರಿಯಿತು. ಚಾಮರಾಜನಗರದಿಂದ ಬರುತ್ತಿದ್ದ ನಾನು ಅದೇ ಹೊತ್ತಿಗೆ ಅಲ್ಲಿಗೆ ತಲುಪಿದೆ. ಎದುರುಗೊಳ್ಳಲು ಬಂದಿದ್ದ ಪಟೇಲರು ಬೇರೆ ಗಾಡಿ ತರಲು ಆಳನ್ನು ಕಳಿಸಿದ್ದರು, ಸ್ವಾಮಿಗಳು ಮರದ ನೆರಳಲ್ಲಿ ಆರಾಮವಾಗಿ ನಿಂತಿದ್ದರು. ಯಾರಿಗೂ ಯಾವ ತೊಂದರೆಯೂ ಇರಲಿಲ್ಲ. ನಾನು ಹೋಗಿ ಅಡ್ಡಬಿದ್ದು, ‘ಬುದ್ಧೀ, ತಾವು ಕಾಯಬೇಕಾದ್ದಿಲ್ಲ. ನನ್ನ ಸೀಟಿನ ಮೇಲೆ ದಯಮಾಡಿಸಿ. ಎಂಜಿನ್ನು ಹಚ್ಚುವುದಿಲ್ಲ, ನಾನು ತಳ್ಳಿಕೊಂಡು ಬರುತ್ತೇನೆ’ ಎಂದೆ. ನಮ್ಮ ಕಡೆ ಗುರುಗಳನ್ನು ಬುದ್ಧಿ ಎಂದೇ ಕರೆಯುವುದು. ನನಗೇ ಆಗ ಅದು ಸ್ವಲ್ಪ ಇದ್ದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಸ್ವಾಮಿಗಳು ಕೆಂಪು ರೇಷ್ಮೆಯನ್ನು ನೋಡಿದರು, ಸ್ಪ್ರಿಂಗನ್ನು ನೋಡಿದರು. ಪಟೇಲರು ಬೇಡ ಬುದ್ಧಿ ಎನ್ನುವಷ್ಟರಲ್ಲಿ ಅವರು ಕಾವಿಯನ್ನು ಎತ್ತಿಕಟ್ಟಿ ಕೂತೇಬಿಟ್ಟರು. ನನ್ನ ತೂಕಕ್ಕೆಂದು ಮೆತ್ತಗೆ ಮಾಡಿದ್ದ ಸ್ಪ್ರಿಂಗು ಅವರ ತೂಕಕ್ಕೆ ಪಾತಾಳ ಕಂಡು ಮೇಲೆ ಬಂತು. ನಾನು ಹ್ಯಾಂಡಲ್ ಹಿಡಿದು ಒಂದು ಪಕ್ಕದಿಂದ ತಳ್ಳಿದೆ, ಇನ್ನೊಂದು ಪಕ್ಕ ಪಟೇಲರು ಆಸರೆ ಕೊಟ್ಟರು, ಹಿಂದಿನಿಂದ ಮಠದ ಶಿಷ್ಯ ಕೈಯೂರಿದ. ಒಂದೊಂದು ಕೊರಕಲಿಗೂ ಸ್ವಾಮಿಗಳು ಒಂದು ಗೇಣು ಮೇಲೆದ್ದು ಕೂರುತ್ತಿದ್ದರು. ಮೊದಲು ಶಿವಶಿವ ಎಂದರು, ಊರಬಾಗಿಲು ಬರುವ ಹೊತ್ತಿಗೆ ಮಗುವಿನ ಹಾಗೆ ನಗುತ್ತಿದ್ದರು. ಇಳಿದು, ಕೂಡಿದ್ದ ಇಡೀ ಊರಿನ ಎದುರು, ‘ತೊಟ್ಟಿಲಲ್ಲಿ ತೂಗ್ದಂಗಾಯ್ತು ಕಣಪ್ಪ. ಯಾರ್ ಮಾಡಿದ್ದು ಇದ?’ ಎಂದು ಕೇಳಿದರು. ‘ನಾನೇ ಬುದ್ಧಿ’ ಎಂದೆ. ಭೇಷ್ ಎಂದು ಬೆನ್ನು ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಇದನ್ನು ಪುಟ್ಟಮ್ಮಣ್ಣಿಗೆ ಹೇಳಿಲ್ಲ.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಟು ಜಗುಲಿಗೆ ಬಂದರೆ, ಸೀಟಿನ ಮೇಲೆ ಬಿಳಿಯ ಮಡಿವಸ್ತ್ರ ಹಾಸಿತ್ತು. ಅದರ ಮೇಲೆ ಒಂದು ಹಿಡಿ ಕಣಗಿಲೆ ಹೂವು. ಮಡ್‌ಗಾರ್ಡಿಗೆ ಮೂರು ಎಳೆ ವಿಭೂತಿ. ಅವ್ವ ಊದುಬತ್ತಿ ಹಚ್ಚುತ್ತಿದ್ದಳು. ನಾನು ಹೂವು ಸರಿಸಲು ಕೈ ಚಾಚಿದ್ದಷ್ಟೇ, ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

‘ಬುದ್ಯೋರು ಕುಂತ ಜಾಗ ಕಣ್ಲಾ ಮಾದೇವ. ಇನ್ಮ್ಯಾಲೆ ಇದು ಗದ್ದುಗೆ. ಇದ್ರ ಮ್ಯಾಲೆ ನೀ ಕುಂಡೆ ಊರ್ಬುಟ್ಟೀಯಾ?’

ಗುರು ಕೂತ ಪೀಠದ ಮೇಲೆ ಇನ್ನೊಬ್ಬ ಕೂರಬಾರದು ಎಂಬುದು ನನಗೂ ಗೊತ್ತಿದ್ದ ಸಂಗತಿ. ಅದು ಸೀಟಿಗೂ ಅನ್ವಯಿಸುತ್ತದೆ ಎಂಬುದು ಮಾತ್ರ ಹುಣಸೆಮರದ ಕೆಳಗೆ ಹೊಳೆದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪುಟ್ಟಮ್ಮಣ್ಣಿ, ಒಳ್ಳೆಯದೇ ಆಯಿತು, ಇನ್ನು ಗಾಡಿ ಒರೆಸುವ ಕೆಲಸವನ್ನು ಅತ್ತೆಯೇ ಮಾಡಿಕೊಳ್ಳುತ್ತಾರೆ ಎಂದು ಸೆರಗು ಬಾಯಿಗೆ ಅಡ್ಡ ಹಿಡಿದಳು. ಪಟೇಲರನ್ನು ಕೇಳಿದೆ, ಅವರೂ ಅವ್ವನ ಪಕ್ಷವೇ. ಒಟ್ಟಿನಲ್ಲಿ ಲೋಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸೀಟನ್ನು ನನ್ನ ಕೈಯಾರೆ ಮಾಡಿ, ಅದರ ಮೇಲೆ ಕೂರುವ ಹಕ್ಕನ್ನು ನಾನೊಬ್ಬನೇ ಕಳೆದುಕೊಂಡಿದ್ದೆ.

ಕೆಲಸಕ್ಕಂತೂ ಹೋಗಲೇಬೇಕು. ಹಿಂದೆ ಸಾಮಾನು ಕಟ್ಟುವ ಕ್ಯಾರಿಯರ್ ಇತ್ತು. ಅದಕ್ಕೆ ಹಳೆಯ ಗೋಣಿಯನ್ನೇ ಕಟ್ಟಿ, ಅದರ ಮೇಲೆ ಕೂತು, ಖಾಲಿ ಸೀಟಿನ ಎರಡೂ ಬದಿಯಿಂದ ಕೈ ಉದ್ದಕ್ಕೆ ಚಾಚಿ ಹ್ಯಾಂಡಲ್ ಹಿಡಿದು ಹೊರಟೆ. ನನ್ನ ತೋಳುಗಳ ನಡುವೆ ಬಿಳಿಯ ಮಡಿವಸ್ತ್ರದ ಮೇಲೆ ಹೂವು ಹೊತ್ತ ಸೀಟು. ನೋಡಿದವರು ಬಿದ್ದು ಬಿದ್ದು ನಗುತ್ತಾರೆ ಎಂದುಕೊಂಡಿದ್ದೆ. ಆದರೆ ಸುದ್ದಿ ನನಗಿಂತ ಮುಂದೆ ಓಡಿತ್ತು. ತೆರಕಣಾಂಬಿಯ ಹತ್ತಿರ ಗಾಡಿಯವನೊಬ್ಬ ಎತ್ತು ನಿಲ್ಲಿಸಿ ಕೆಳಗಿಳಿದು, ತಲೆಯ ಟವಲು ಬಿಚ್ಚಿ, ‘ಅಡ್ಡಬಿದ್ದೆ ಬುದ್ಧಿ’ ಎಂದು ಖಾಲಿ ಸೀಟಿಗೆ ಕೈಮುಗಿದ. ಚಾಮರಾಜನಗರದಲ್ಲಿ ನಮ್ಮ ಮೇಲಧಿಕಾರಿಗಳ ಜೀಪಿಗೆ ದಾರಿ ಬಿಡದವರು ನನಗೆ ದಾರಿ ಬಿಟ್ಟರು. ಸಂತೆಮರಹಳ್ಳಿಯ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು ಸೀಟಿನ ಮೇಲೆ ಎರಡು ಬಾಳೆಹಣ್ಣು ಇಟ್ಟಳು. ಅದಕ್ಕಿಂತ ಹೆಚ್ಚಿನ ಸೋಜಿಗವೆಂದರೆ, ಅಲ್ಲಿಯ ಬಸಪ್ಪ ಎಂಬ ರೈತ, ವರ್ಷಗಟ್ಟಲೆ ನನ್ನ ಮಾತನ್ನು ಗಾಳಿಗೆ ತೂರಿದವನು, ರೋಗದ ತಟ್ಟೆಗಳನ್ನು ನಾನು ಎರಡನೇ ಸಲ ಹೇಳುವ ಮೊದಲೇ ಒಯ್ದು ಸುಟ್ಟ. ಗದ್ದುಗೆ ತಂದವರ ಮಾತನ್ನು ಮೀರುವುದುಂಟೇ ಎಂದು ಹೆಂಡತಿಗೆ ಹೇಳುತ್ತಿದ್ದ. ಆ ಸಲ ಅವನ ಗೂಡು ಬೆಳ್ಳಗೆ ಗಟ್ಟಿಯಾಗಿ ಬಂತು.

ಹೆಮ್ಮೆಯೇನೋ ಮುಗಿಲು ಮುಟ್ಟಿತು, ಕೆಳಗೆ ಮಾತ್ರ ಬೇರೆ ಕಥೆ. ಕ್ಯಾರಿಯರಿನ ಕಬ್ಬಿಣ ನನ್ನನ್ನು ಹಳೆಯ ಚೌಕಟ್ಟಿಗಿಂತ ಕೆಟ್ಟದಾಗಿ ಅರೆಯಿತು. ಕೈ ಚಾಚಿ ಚಾಚಿ ಭುಜ ಮರಗಟ್ಟಿತು. ಕುರು ಹಿಂದಿರುಗಿತು. ಕಣ್ಣೆದುರಿಗೇ, ಮೂಗಿನ ಕೆಳಗೇ, ನನ್ನ ಭಾರಕ್ಕೆಂದೇ ಹದಮಾಡಿದ ಸ್ಪ್ರಿಂಗು ಹೂವು ಹೊತ್ತುಕೊಂಡು ಸುಖವಾಗಿತ್ತು. ಇನ್ನು ತಡೆಯಲಾರೆ, ಗಾಡಿಯನ್ನೇ ಮಾರಿಬಿಡುವುದು ಎನ್ನುವಷ್ಟು ರೋಸಿ, ಕೊನೆಗೆ ಒಂದು ಭಾನುವಾರ ಮಠಕ್ಕೇ ಹೋದೆ.

ಸ್ವಾಮಿಗಳು ಜಗುಲಿಯಲ್ಲಿ ಕಾಲು ಚಾಚಿ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ನಾನು ನಾಚಿಕೆ ಬಿಟ್ಟು ಕುರುವಿನವರೆಗೆ ಎಲ್ಲವನ್ನೂ ಹೇಳಿಕೊಂಡೆ. ಅವರು ಕಣ್ಣು ಮುಚ್ಚಿ ಕೇಳಿ, ‘ನಾ ಕುಂತಿದ್ದು ಯಾತರ ಮ್ಯಾಲಪ್ಪ?’ ಎಂದರು.

‘ಸೀಟಿನ ಮೇಲೆ ಬುದ್ಧಿ.’

‘ಅಲ್ಲ ಕಣಪ್ಪ. ನಿಮ್ಮವ್ವನ ಧಾರೆ ಸೀರೆ ಮ್ಯಾಲೆ. ಗದ್ದುಗೆ ಅಂದ್ರೆ ಅದೇಯ. ಅದ ಬಿಚ್ಚಿ ದೇವ್ರ ಕ್ವಾಣೇಲಿ ಮಡುಗ್ಕಳಕ್ಕೇಳು. ಕೆಳಗಿರದು ಬರೀ ಕಬ್ಬುಣ, ಚರ್ಮ. ಅದು ನಿಂದು, ಕುಂತ್ಕ ಓಗು.’

ನಾನು ಅವರ ಪಾದ ಹಿಡಿದುಕೊಂಡೆ. ಎದ್ದು ಹೊರಡುವಾಗ ಅವರು ಎಣ್ಣೆ ಹಚ್ಚುತ್ತಿದ್ದ ಶಿಷ್ಯನನ್ನು ನೀರು ತರಲು ಒಳಗೆ ಕಳಿಸಿ, ದನಿ ತಗ್ಗಿಸಿ, ಗವುಸು ಬಿಚ್ಚುವುದಕ್ಕೆ ಮುಂಚೆ ತಮ್ಮನ್ನು ಕೂರಿಸಿ ಮಠದ ಸುತ್ತ ಒಂದು ಸಲ ತಳ್ಳಿಕೊಂಡು ಬರಲು ಆಗುತ್ತದೆಯೇ ಎಂದು ಕೇಳಿದರು. ಗೋಡೆಗೆ ಅವರ ಒಂದು ಕೈ ಆನಿಸಿ, ನಿಧಾನವಾಗಿ ಮೂರು ಸುತ್ತು ತಳ್ಳಿದೆ.

ಅವ್ವ ಗುರುವಾಕ್ಯಕ್ಕೆ ಎದುರಾಡಲಿಲ್ಲ. ತನ್ನ ಧಾರೆ ಸೀರೆ ದೇವರ ಕೋಣೆಯ ಗದ್ದುಗೆಯಾಯಿತೆಂದು ಅವಳಿಗೆ ನನಗಿಂತ ಹೆಚ್ಚು ಹೆಮ್ಮೆ; ಬಂದ ನೆಂಟರನ್ನೆಲ್ಲ ಕರೆದು ತೋರಿಸುತ್ತಾಳೆ. ನನ್ನ ಸೀಟು ನನಗೆ ಬಂತು. ಆದರೆ ಬರೀ ಚರ್ಮದ ಸೀಟಾಗಿ ಬಂತು. ಆದ್ದರಿಂದ ದಿನಾ ಸಂಜೆ, ಚಳಿಯಿರಲಿ ಮಳೆಯಿರಲಿ, ಹಿತ್ತಿಲಿಂದ ಸುತ್ತಿ ಬಂದು ಬಚ್ಚಲಿಗೆ ಇಳಿದು ಮಿಂದೇ ನಾನು ಒಳಗೆ ಕಾಲಿಡಬೇಕು. ಹೊಸ ಗವುಸಿಗೆ ಇನ್ನೊಂದು ರೇಷ್ಮೆ ಸೀರೆ ಕೊಡೆಂದು ಪುಟ್ಟಮ್ಮಣ್ಣಿಯನ್ನು ಕೇಳಿದೆ. ಮೊದಲು ಉಡುವುದಕ್ಕೆ ಒಂದು ತನ್ನಿ ಎಂದಳು.

ಅದನ್ನೆಲ್ಲ ನಾನು ಸಹಿಸಿದೆ. ಸಹಿಸಲು ಆಗದೆ ಹೋದದ್ದು ಬೇರೆ. ಚರ್ಮದ ಸೀಟಿನ ಮೇಲೆ ತೇಲಿಕೊಂಡು ಹೋಗುತ್ತಿದ್ದರೆ ತೆರಕಣಾಂಬಿಯಲ್ಲಿ ಯಾವ ಎತ್ತೂ ನಿಲ್ಲಲಿಲ್ಲ, ಯಾವ ಟವಲೂ ಇಳಿಯಲಿಲ್ಲ. ಗವುಸು ಬಿಚ್ಚಿದ ಸುದ್ದಿ ಅಲ್ಲಿಗೆ ತಲುಪಿಯಾಗಿತ್ತು. ನಾನು ಮತ್ತೆ ಬರೀ ಉಳದ ಸಾಯೇಬ. ಆದರೆ ಸಂತೆಮರಹಳ್ಳಿ ದೂರ, ಆ ಸುದ್ದಿ ಅಲ್ಲಿಗೆ ಇನ್ನೂ ಮುಟ್ಟಿಲ್ಲ. ಊರು ಕಾಣುವ ಮೊದಲು ಒಂದು ಆಲದಮರವಿದೆ. ಅಲ್ಲಿ ನಾನು ಗಾಡಿ ನಿಲ್ಲಿಸುತ್ತೇನೆ. ಚೀಲದಿಂದ ಬಿಳಿಯ ಟವಲು ತೆಗೆದು ಚರ್ಮ ಕಾಣದಂತೆ ಸೀಟಿಗೆ ಹೊದಿಸಿ, ಬೇಲಿಯಲ್ಲಿ ಸಿಕ್ಕಿದ ಹೂವೊಂದನ್ನು ಸಿಕ್ಕಿಸಿ, ನಾನು ಹಿಂದಿನ ಕ್ಯಾರಿಯರ್ ಹತ್ತಿ ಕೈ ಚಾಚುತ್ತೇನೆ. ಇದೆಲ್ಲ ಹುಳುಗಳ ಆರೋಗ್ಯಕ್ಕಾಗಿ, ಬಸಪ್ಪನಂಥವರು ರೋಗದ ತಟ್ಟೆ ಸುಡಲಿ ಎಂದು. ಹಾಗೆಂದು ಆಲದಮರದ ಕೆಳಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಹುಳುವಿಲ್ಲದ ತಿಂಗಳಿನಲ್ಲೂ ನಾನು ಸಂತೆಯ ದಿನವೇ ಆ ದಾರಿ ಹಿಡಿಯುತ್ತೇನೆ.

ಮೊನ್ನೆ ಪುಟ್ಟಮ್ಮಣ್ಣಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನನ್ನ ಬಿಳಿಯ ಟವಲನ್ನು ಬಿಸಿಲಿಗೆ ಅಗಲಿಸಿ ಹಿಡಿದು ನೋಡಿದಳು. ಅದರ ನಡುವೆ, ಹಿಂದೆ ಅಗಲ ಮುಂದೆ ಚೂಪು, ಸಣ್ಣ ಮೊರದ ಆಕಾರದ ಎಣ್ಣೆಕಲೆ ಇತ್ತು. ಅದನ್ನು ಹಾಗೇ ತಂತಿಯ ಮೇಲೆ ಹರವಿ, ನನ್ನ ಕಡೆ ತಿರುಗದೆಯೇ ಕೇಳಿದಳು:

‘ಸಂತೆಮರಳ್ಳೀಲಿ ಬುದ್ಯೋರು ಚೆನ್ನಾಗವ್ರಾ?’

ನಾನು ಮೀಯಲು ಹೋದೆ.